ಅಡ್ಡ ಸಳಿ ಇಲ್ಲದ ಕಿಟಕಿ

ಗಾಜಿನ ಕೆಲಸ ಕಲಿಯಲು ಬರುವವರು ನನ್ನನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ: "ಕಾಕಾ, ಕೈ ಎಷ್ಟ ಸಲ ಕೊಯ್ಕೊಂಡೀರಿ?" ನಾನು ಎರಡೂ ಅಂಗೈ ಚಾಚಿ ತೋರಿಸುತ್ತೇನೆ. ಹೆಬ್ಬೆರಳಿನ ಬುಡದಲ್ಲಿ ಒಂದು, ಮಣಿಕಟ್ಟಿನ ಹತ್ತಿರ ಒಂದು, ಉಳಿದ ಸಣ್ಣಪುಟ್ಟವು ಈಗ ಗೆರೆಗಳ ಜೊತೆ ಸೇರಿಹೋಗಿವೆ. ಕೊಯ್ದ ಗಾಯ ಹತ್ತು ದಿನದಲ್ಲಿ ಮಾಯುತ್ತದೆ. ಮಾಯದ್ದನ್ನು ಅವರು ಕೇಳುವುದಿಲ್ಲ. ಕೇಳದಿದ್ದರೂ ಬರೆದಿಡುತ್ತೇನೆ. ಸಿಟ್ಟಿನಲ್ಲೇ ಬರೆಯುತ್ತೇನೆ. ಸಿಟ್ಟು ಇಳಿಯಲಿ ಎಂದು ಕಾಯುತ್ತ ಕುಳಿತರೆ ಈ ವಯಸ್ಸಿನಲ್ಲಿ ಬರೆಯುವುದೇ ಆಗಲಿಕ್ಕಿಲ್ಲ.

ನನ್ನ ಹೆಸರು ಪರಸಪ್ಪ. ಊರು ಕಲ್ಲೋಳಿ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಅಂಗಡಿ, ಶಾಲೆ, ಬ್ಯಾಂಕು, ದವಾಖಾನೆಗಳ ಕಿಟಕಿ ಬಾಗಿಲುಗಳಿಗೆ ನಲವತ್ತು ವರ್ಷ ಗಾಜು ಕೂರಿಸಿದೆ. ಅದರಲ್ಲಿ ಬಣ್ಣದ ಗಾಜಿನ ಕೆಲಸ ಬಹಳ ಕಡಿಮೆ. ಆದರೆ ನಾನು ಹೇಳಬೇಕಾದದ್ದೆಲ್ಲ ಆ ಸ್ವಲ್ಪ ಕೆಲಸದಲ್ಲೇ ಇದೆ.

ಕೆಲಸ ಕಲಿಸಿದವರು ಗೋಕಾಕದ ದತ್ತೋಬಾ ಕಾಕಾ. ಬಸ್‌ಸ್ಟ್ಯಾಂಡಿನ ಹತ್ತಿರ ಅವರದು ಫೋಟೋಕ್ಕೆ ಕಟ್ಟು ಹಾಕುವ ಅಂಗಡಿ. ಗಾಜಿನ ಮೇಲೆ ವಜ್ರದ ಮೊನೆ ಎಳೆಯುವಾಗ ಅವರು ಕಣ್ಣು ಮುಚ್ಚುತ್ತಿದ್ದರು. ಸರಿಯಾಗಿ ಗೀರಿದರೆ ಹೊಸ ಬಟ್ಟೆ ಹರಿದ ಹಾಗೆ ಸಪ್ಪಳ ಬರುತ್ತದೆ, ತಪ್ಪಿ ಗೀರಿದರೆ ಹಲ್ಲು ಕಡಿದ ಹಾಗೆ. "ಒಮ್ಮಿ ಎಳಿ, ಬಿಡು. ಎರಡನೇ ಸಲ ಅದ ಗೆರಿ ಮ್ಯಾಲ ಎಳದಿ ಅಂದ್ರ ಗಾಜು ನಿನ್ನ ಮಾತು ಕೇಳೂದಿಲ್ಲ" ಎನ್ನುತ್ತಿದ್ದರು. ಬೈಯುತ್ತಿದ್ದರು, ಆದರೆ ಗೊತ್ತಿದ್ದದ್ದನ್ನು ಮುಚ್ಚಿಡುತ್ತಿರಲಿಲ್ಲ. ಅಂಥವರು ಮುಂದೆ ನನಗೆ ಬಹಳ ಮಂದಿ ಸಿಗಲಿಲ್ಲ.

ನನ್ನ ಮೊದಲ ದೊಡ್ಡ ತಪ್ಪು ನಮ್ಮ ಓಣಿಯ ಬುದ್ಧವಿಹಾರದಲ್ಲೇ ಆಯಿತು. ಮೂರ್ತಿಗೆ ಧೂಳು ಹಿಡಿಯದಂತೆ ಗಾಜಿನ ಪೆಟ್ಟಿಗೆ ಮಾಡಿಕೊಡು ಎಂದು ಹಿರಿಯರು ಕೇಳಿದರು. ನಮ್ಮ ಓಣಿಯ ಕೆಲಸ, ಚಂದವಾಗಿರಲಿ ಎಂದು ಕಟ್ಟಿನೊಳಗೆ ಕೂದಲೂ ತೂರದಷ್ಟು ಬಿಗಿಯಾಗಿ ಗಾಜು ಕತ್ತರಿಸಿ ಕೂರಿಸಿದೆ. ಹುಣ್ಣಿಮೆಯ ದಿನ ಪೆಟ್ಟಿಗೆಯೊಳಗೆ ಸಾಲು ದೀಪ ಇಟ್ಟರು. ವಂದನೆ ಅರ್ಧಕ್ಕೆ ಬಂದಿತ್ತು, ಮುಂದಿನ ಗಾಜು ಮೇಲಿನಿಂದ ಕೆಳಗಿನವರೆಗೆ ಸೀಳಿತು. ಗಾಜು ಬಿಸಿಗೆ ಹಿಗ್ಗುತ್ತದೆ, ಸುತ್ತಲೂ ಚೂರು ಜಾಗ ಬಿಡಬೇಕು ಎಂದು ದತ್ತೋಬಾ ಕಾಕಾ ಹೇಳಿದ್ದನ್ನು ಚಂದದ ಆಸೆಗೆ ಮರೆತಿದ್ದೆ.

"ಗಾಜೇ ಹಳೇದಿತ್ತು" ಎಂದು ಹೇಳಲು ನಾನು ಬಾಯಿ ತೆರೆದಿದ್ದೆ. ಪಕ್ಕದಲ್ಲಿ ಕುಳಿತಿದ್ದ ನಮ್ಮವ್ವ ನನ್ನ ಮೊಣಕಾಲಿನ ಮೇಲೆ ಕೈ ಇಟ್ಟಳು.

"ಇಲ್ಲಿ ಕುಂತು ಸುಳ್ಳ ಹೇಳಬ್ಯಾಡ ಪರಸೂ. ಅಳತಿ ತಪ್ಪಿದ್ರ ತಪ್ಪೇತಿ ಅನ್ನು."

ಎದ್ದು ನಿಂತು ಹೇಳಿದೆ. ಯಾರೂ ಬೈಯಲಿಲ್ಲ. ಮರುದಿನ ಬೇರೆ ಗಾಜು ಕೂರಿಸಿದೆ. ತಪ್ಪು ಒಪ್ಪಿಕೊಳ್ಳುವುದು ಇಷ್ಟು ಸುಲಭ ಎಂದು ಆಗ ಅಂದುಕೊಂಡೆ. ನಮ್ಮ ಓಣಿಯಲ್ಲಿ ಸುಲಭವಿತ್ತು.

ಬಣ್ಣದ ಗಾಜು ಕಲಿತದ್ದು ಬೆಳಗಾವಿಯ ಒಂದು ಕಾರಖಾನೆಯಲ್ಲಿ. ಹಳೆಯ ಚರ್ಚುಗಳ ಕಿಟಕಿ ಬಿಚ್ಚಿ ತಂದು ರಿಪೇರಿ ಮಾಡುವ ಕೆಲಸ. ಬಣ್ಣದ ಗಾಜಿನ ಚೂರುಗಳನ್ನು ಸೀಸದ ಪಟ್ಟಿಯಲ್ಲಿ ಹಿಡಿಸಿ, ಪಟ್ಟಿ ಕೂಡುವಲ್ಲೆಲ್ಲ ಬೆಸುಗೆ ಹಾಕಿ, ಸಂದಿಯಲ್ಲಿ ಪುಟ್ಟಿ ತುಂಬಿದರೆ ಚಿತ್ರ ನಿಲ್ಲುತ್ತದೆ. ಅಲ್ಲಿ ಆರು ವರ್ಷ ಸೀಸ ಎಳೆದೆ, ಕಾಯಿಸಿದೆ, ಅದೇ ಕೈಯಿಂದ ರೊಟ್ಟಿ ತಿಂದೆ. ಮಾಲೀಕರು ಮಾತ್ರ ಊಟಕ್ಕೆ ಮೊದಲು ಸಾಬೂನು ಹಚ್ಚಿ ಮೊಣಕೈವರೆಗೆ ಕೈ ತೊಳೆದು, ಬೇರೆ ಕೋಣೆಗೆ ಹೋಗಿ ಉಣ್ಣುತ್ತಿದ್ದರು. ದೊಡ್ಡವರ ಮಡಿ ಇರಬೇಕು ಎಂದುಕೊಂಡಿದ್ದೆವು. ಸೀಸ ಮೈಗೆ ವಿಷ ಎಂದು ನನಗೆ ಗೊತ್ತಾದದ್ದು ಹೊಟ್ಟೆನೋವು ಹಿಡಿದು ದವಾಖಾನೆಗೆ ಹೋದ ಮೇಲೆ. ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ "ಏನ್ ಕೆಲಸಾ ಮಾಡ್ತೀರಿ?" ಎಂಬುದು. ಮಾಲೀಕರಿಗೆ ಗೊತ್ತಿತ್ತು. ಒಂದು ಸಾಬೂನು, ಒಂದು ಮಾತು, ಅಷ್ಟು ಸಾಕಿತ್ತು. ಈಗ ಕಲಿಯುತ್ತಿರುವವರೇ, ಸೀಸ ಮುಟ್ಟಿದ ಕೈ ತೊಳೆಯದೆ ಬಾಯಿಗೆ ಒಯ್ಯಬೇಡಿ. ನಿಮ್ಮ ಮಾಲೀಕರು ಹೇಳಿರಲಿಕ್ಕಿಲ್ಲ, ಅದಕ್ಕೆ ನಾನು ಹೇಳುತ್ತಿದ್ದೇನೆ.

ನಾನು ಗೋಕಾಕಕ್ಕೆ ಮರಳಿ ಸ್ವಂತ ಅಂಗಡಿ ಹಾಕುವ ಹೊತ್ತಿಗೆ ಕೆಲಸದ ರೀತಿಯೇ ಬದಲಾಗಿತ್ತು. ಪುಟ್ಟಿಯ ಜಾಗಕ್ಕೆ ಸಿಲಿಕಾನ್ ಬಂತು. ಬಣ್ಣದ ಗಾಜಿನ ಜಾಗಕ್ಕೆ ಚಿತ್ರ ಮುದ್ರಿಸಿದ ಪ್ಲಾಸ್ಟಿಕ್ ಸ್ಟಿಕ್ಕರು ಬಂತು. ಮೂಡಲಗಿಯಲ್ಲಿ ಒಂದು ಮದುವೆ ಹಾಲಿಗೆ ಆಳೆತ್ತರದ ಗಾಜಿನ ಬಾಗಿಲು ಕೂರಿಸಿ, ಕಣ್ಣಿಗೆ ಕಾಣಲಿ ಎಂದು ನಡುವೆ ಬಿಳಿ ಪಟ್ಟಿ ಅಂಟಿಸಿದ್ದೆ. ಫೋಟೋದಲ್ಲಿ ಚಂದ ಕಾಣುವುದಿಲ್ಲ ಎಂದು ಮಾಲೀಕರು ಕೆರೆದು ತೆಗೆಸಿದರು. ಮೊದಲ ಮದುವೆಯಲ್ಲೇ ಬೀಗರೊಬ್ಬರು ನೇರ ನಡೆದು ಹೋಗಿ ಮೂಗು ಒಡೆದುಕೊಂಡರು. ಬೈಸಿಕೊಂಡವನು ನಾನು: "ಹಿಂಥಾ ಕಾಣಲಾರದ ಗಾಜು ಹಾಕೂದೇನೋ!" ಆ ದಿನ ನಗು ಬಂದಿತ್ತು. ಹುಕ್ಕೇರಿಯಲ್ಲಿ ಆದದ್ದಕ್ಕೆ ಇವತ್ತಿಗೂ ನಗು ಬರುವುದಿಲ್ಲ.

ಹುಕ್ಕೇರಿಯಲ್ಲಿ ಹೊಸ ಚರ್ಚು ಕಟ್ಟುತ್ತಿದ್ದರು. ಸಭಾಪಾಲಕರನ್ನು ಊರವರೆಲ್ಲ ಅಯ್ಯನವರು ಎನ್ನುತ್ತಿದ್ದರು, ಮೆದು ಮಾತಿನ ಮನುಷ್ಯ. ಅವರು ನನ್ನ ಅಂಗಡಿಗೆ ಬಂದಾಗ ಜೊತೆಗೆ ಸುಗಂಧಾಬಾಯಿ ಇದ್ದರು. ಶಾಲೆಯಲ್ಲಿ ಮೂವತ್ತು ವರ್ಷ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಬಗಲಲ್ಲಿ ಸುರುಳಿ ಸುತ್ತಿದ ದೊಡ್ಡ ಕಾಗದ. ನೆಲದ ಮೇಲೆ ಹಾಸಿದರು. ಕಾಗದ ಅಂಗಡಿಯ ಬಾಗಿಲು ದಾಟಿ ಹೊರಗೆ ಹೋಯಿತು.

ಪೀಠದ ಹಿಂದಿನ ಗೋಡೆಗೆ ಹನ್ನೆರಡು ಅಡಿ ಎತ್ತರದ ಕಿಟಕಿ. ಅದರಲ್ಲಿ ಕುರಿ ಕಾಯುವ ಒಳ್ಳೆಯ ಕುರುಬನ ರೂಪದಲ್ಲಿ ಅವರ ದೇವರು. ಇಂಥ ಚಿತ್ರ ನಾನು ಬೆಳಗಾವಿಯಲ್ಲಿ ಬಹಳ ನೋಡಿದ್ದೆ, ಬಿಳಿ ಮೈ, ಕಂದು ಗಡ್ಡ, ಯಾವುದೋ ದೇಶದ ಹಸಿರು ಗುಡ್ಡ. ಸುಗಂಧಾಬಾಯಿಯವರ ಕುರುಬ ನಮ್ಮ ಕಡೆಯವನು. ಹೆಗಲ ಮೇಲೆ ಕರಿ ಕಂಬಳಿ, ಕಂಬಳಿಯ ಮಡಿಲಲ್ಲಿ ಮರಿ, ಹಿಂದೆ ಧುಪದಾಳದ ಒಡ್ಡಿನ ಮೇಲಿಂದ ಸುರಿಯುವ ನೀರು, ಕಾಲ ಹತ್ತಿರ ಜೋಳದ ತೆನೆ.

"ಇವ್ನ ನೋಡಿದ್ರ ನಮ್ಮ ಮಂದಿಗೆ ಪರಿಚಯದಾಂವ ಅನಸಬೇಕು ನೋಡ್ರಿ ಪರಸಪ್ಪ" ಎಂದರು.

ಬೇರೆಯವರು ಎಳೆದ ಗೆರೆಯ ಮೇಲೆ ಗಾಜು ಕತ್ತರಿಸಿಕೊಂಡೇ ವಯಸ್ಸು ಕಳೆದಿದ್ದೆ. ಈ ಗೆರೆ ನನ್ನ ನೀರು, ನನ್ನ ಜೋಳ.

ಆದರೆ ಒಂದು ಮಾತು ಹೇಳಲೇಬೇಕಿತ್ತು. ಅಷ್ಟು ಎತ್ತರದ ಕಿಟಕಿಯನ್ನು ಒಂದೇ ತುಂಡಾಗಿ ಕೂರಿಸಲು ಬರುವುದಿಲ್ಲ. ನಾಲ್ಕು ಭಾಗ ಮಾಡಿ ಒಂದರ ಮೇಲೊಂದು ಇಡಬೇಕು. ಮೇಲಿನದರ ಭಾರ ಕೆಳಗಿನದರ ಮೇಲೆ ಬೀಳದಂತೆ ನಡುನಡುವೆ ಕಬ್ಬಿಣದ ಅಡ್ಡ ಸರಳು ಹಾಕಿ, ಎರಡೂ ತುದಿ ಗೋಡೆಯಲ್ಲಿ ಹೂತು, ಸೀಸದ ಪಟ್ಟಿಯನ್ನು ತಾಮ್ರದ ತಂತಿಯಿಂದ ಸರಳಿಗೆ ಕಟ್ಟಬೇಕು. ನಾವು ಅದಕ್ಕೆ ಸಳಿ ಎನ್ನುತ್ತೇವೆ. ಈ ಕಿಟಕಿಗೆ ಮೂರು ಸಳಿ ಬೇಕು.

ಸುಗಂಧಾಬಾಯಿಯವರ ಮುಖ ಸಣ್ಣದಾಯಿತು. "ಸಳಿ ಮಾರಿ ಮ್ಯಾಲ ಬರ್ತೈತೇನ್ರಿ?"

"ಇಲ್ರಿ ಬಾಯೋರ. ಸಳಿ ಬಗ್ಗಸಾಕ ಬರ್ತೈತಿ. ಕಂಬಳಿ ಅಂಚು ಹೆಂಗ ಹೋಗೇತಿ ಹಂಗ ಬಗ್ಗಸ್ತೀನಿ. ಮುಂದ ನಿಂತವ್ರಿಗೆ ಅದು ಕಂಬಳಿ ಗೆರಿ ಅಂತನ ಕಾಣತೈತಿ."

ಎರಡು ದಿನ ಕುಳಿತು ಚಿತ್ರವನ್ನು ತುಸು ಬದಲಿಸಿದರು. ಮೂರೂ ಸಳಿಗಳನ್ನು ತಾವೇ ನೀಲಿ ಗೆರೆ ಎಳೆದು ತೋರಿಸಿದರು. ಒಂದು ಕಂಬಳಿಯ ಅಂಚಿನ ಹಿಂದೆ, ಒಂದು ಒಡ್ಡಿನ ಹಿಂದೆ, ಒಂದು ತೆನೆಗಳ ಸಾಲಿನ ಹಿಂದೆ. ನಾನು ಕಂಡ ಒಳ್ಳೆಯ ಕಲಾವಿದರು ಇವರೊಬ್ಬರೇ. ಕೂರಿಸುವವನ ಮಾತನ್ನು ಕೇಳಿ ಗೆರೆ ಬದಲಿಸಿದವರು.

ಐದು ತಿಂಗಳು ದುಡಿದೆ. ಕರಿ ಕಂಬಳಿಗೆ ಬರೀ ಕರಿ ಗಾಜು ಹಾಕಿದರೆ ಬೆಳಕೇ ಬರುವುದಿಲ್ಲ. ಕಡು ನೇರಳೆ ಮತ್ತು ಕಂದು ಚೂರುಗಳನ್ನು ಪಕ್ಕಪಕ್ಕ ಇಟ್ಟು, ದೂರದಿಂದ ಕರಿ ಕಾಣುವಂತೆ ಮಾಡಿದೆ. ಒಂದೊಂದು ಭಾಗ ಮುಗಿದಾಗಲೂ ಸುಗಂಧಾಬಾಯಿ ಬಸ್ಸು ಹಿಡಿದು ಬಂದು ಬಿಸಿಲಿಗೆ ಎತ್ತಿ ಹಿಡಿಸಿ ನೋಡುತ್ತಿದ್ದರು.

ಕೂರಿಸುವ ಹೊತ್ತಿಗೆ ಶಶಿಧರ ಸಾಹೇಬರು ನಡುವೆ ಬಂದರು. ಕಟ್ಟಡದ ಕಂತ್ರಾಟುದಾರರ ಕಡೆಯ ಎಂಜಿನಿಯರು. ಉದ್ಘಾಟನೆಗೆ ಎಂಟು ದಿನ ಉಳಿದಿತ್ತು, ದೊಡ್ಡ ಅತಿಥಿಗಳು ಬರುವವರಿದ್ದರು. ನಾನು ಬಗ್ಗಿಸಲು ಕೊಟ್ಟಿದ್ದ ಸಳಿಗಳು ಘಟಪ್ರಭಾದ ವೆಲ್ಡಿಂಗ್ ಅಂಗಡಿಯಿಂದ ಬರಲು ಇನ್ನೂ ಆರು ದಿನವಿತ್ತು. ಗೋಡೆಗೆ ಆನಿಸಿದ್ದ ಚಿತ್ರದ ಮುಂದೆ ಸಾಹೇಬರು ನಿಂತರು.

"ಏನಿದು ನೀಲಿ ಗೆರಿ? ಜೇಲಿನ ಕಿಡಕಿ ಮಾಡಾಕತ್ತಿಯೇನು?"

"ಸಳಿ ರೀ ಸಾಹೇಬ್ರ. ಭಾರಾ ತಡ್ಯಾಕ."

"ಭಾರಾ ತಡ್ಯಾಕ ಸಿಲಿಕಾನ್ ಐತಲ್ಲ. ನಾಲ್ಕೂ ಭಾಗ ಒಂದರ ಮ್ಯಾಲ ಒಂದು ಇಟ್ಟು ಹಚ್ಚಿಬಿಡು. ಹೊರಗಿಂದ ಒಂದು ಬಿಳಿ ಗಾಜು ಹಾಕಿ ಸುತ್ತಲೂ ಸೀಲ್ ಮಾಡು. ಧೂಳು, ಪಾರಿವಾಳ, ಯಾವ್ದೂ ಕಾಟಿಲ್ಲ."

ಅದು ಪಶ್ಚಿಮದ ಗೋಡೆ. ನಮ್ಮ ಕಡೆಯ ಚೈತ್ರ, ವೈಶಾಖದ ಬಿಸಿಲು ಮಧ್ಯಾಹ್ನದಿಂದ ಸಂಜೆವರೆಗೆ ಅದರ ಮೇಲೆಯೇ. ಹೊರಗೆ ಗಾಜು ಹಾಕುವುದಾದರೆ ಮೇಲೂ ಕೆಳಗೂ ಗಾಳಿಯಾಡಲು ಸಂದಿ ಬಿಡಬೇಕು. ಎಲ್ಲ ಮುಚ್ಚಿದರೆ ಎರಡು ಗಾಜಿನ ನಡುವೆ ಒಲೆ ಹಚ್ಚಿದ ಹಾಗೆ. ಸೀಸ ಮೆತ್ತಗಾಗುತ್ತದೆ, ಕೆಳಗಿನ ಭಾಗ ಮೇಲಿನ ಭಾರಕ್ಕೆ ಹೊಟ್ಟೆ ಬಿಡುತ್ತದೆ. ಇಷ್ಟನ್ನೂ ಹೇಳಿದೆ.

ಸಾಹೇಬರು ಪೂರ್ತಿ ಕೇಳಿದರು. ಆಮೇಲೆ ಕೇಳಿದರು, "ಪರಸಪ್ಪ, ನೀ ಎಷ್ಟನೇತ್ತ ಕಲತಿ?"

"ಏಳನೇತ್ತ ರೀ."

"ಮುಗೀತಲ್ಲ."

ಜೇಬಿನಿಂದ ಕೆಂಪು ಪೆನ್ನು ತೆಗೆದು, ಸುಗಂಧಾಬಾಯಿಯವರು ಎಳೆದ ಮೂರೂ ನೀಲಿ ಗೆರೆಗಳ ಮೇಲೆ ಅಡ್ಡ ಗೀಟು ಹಾಕಿದರು. ಪಕ್ಕದಲ್ಲಿ "ಬೇಕಾಗಿಲ್ಲ" ಎಂದು ಬರೆದು ಸಹಿ ಮಾಡಿದರು. ಸುತ್ತ ಗೌಂಡಿಗಳು, ಬಣ್ಣದವರು ನಿಂತಿದ್ದರು. ಒಬ್ಬ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಏಳನೇತ್ತ ಎಂಬ ಒಂದೇ ಮಾತಿನಿಂದ ಅವರು ನನ್ನ ಮೂವತ್ತೈದು ವರ್ಷವನ್ನು ಒರೆಸಿ ಹಾಕಿದರು. ಸೀಸ ಯಾವ ಬಿಸಿಗೆ ಬಾಗುತ್ತದೆ ಎಂದು ಯಾವ ಇಯತ್ತೆಯಲ್ಲೂ ಕಲಿಸುವುದಿಲ್ಲ, ನನಗದು ಬೆರಳಿಗೆ ಗೊತ್ತು.

ಸಳಿ ಇಲ್ಲದೆ ಕೂರಿಸಿದೆ. ಯಾರೂ ನನ್ನ ಕುತ್ತಿಗೆ ಹಿಡಿದು ಕೂರಿಸಲಿಲ್ಲ. ಸಾಮಾನು ಕಟ್ಟಿಕೊಂಡು ಅಟ್ಟಣಿಗೆ ಇಳಿದು ಬರಬಹುದಿತ್ತು, ಬರಲಿಲ್ಲ. ಐದು ತಿಂಗಳು ದುಡಿದ ಕಿಟಕಿಯನ್ನು ಬೇರೆ ಯಾರೋ ಕೂರಿಸುವುದು ನನಗೆ ಬೇಡವಾಗಿತ್ತು. ಉದ್ಘಾಟನೆಯ ಸಂಜೆ ಬಿಸಿಲು ಕಂಬಳಿಯೊಳಗಿಂದ ಹಾದು ಬಂದು ಬಿಳಿ ನೆಲದ ಮೇಲೆ ನೇರಳೆಯಾಗಿ ಬಿದ್ದಾಗ ಹೆಂಗಸರು "ಯವ್ವಾ!" ಎಂದರು. ಹಿಂದಿನ ಬಾಗಿಲ ಹತ್ತಿರ ನಿಂತಿದ್ದ ನನಗೂ ಹೆಮ್ಮೆಯಾಯಿತು. ಅದನ್ನು ನಾನು ಮುಚ್ಚಿಡುವುದಿಲ್ಲ. ಶಾಲು ಹೊದಿಸಿದ್ದು ಶಶಿಧರ ಸಾಹೇಬರಿಗೆ.

ಮುಂದಿನ ಬೇಸಿಗೆಯಲ್ಲಿ, ಹುಕ್ಕೇರಿಯ ಒಂದು ಔಷಧ ಅಂಗಡಿಯ ಕೆಲಸಕ್ಕೆ ಹೋದವನು ಚರ್ಚಿಗೆ ಕಾಲಿಟ್ಟೆ. ಒಳಗೆ ಎಸ್ತರವ್ವ ಒಬ್ಬರೇ ಇದ್ದರು. ಚರ್ಚನ್ನು ಗುಡಿಸಿ ಒರೆಸುವವರು, ನನಗಿಂತ ಐದಾರು ವರ್ಷ ದೊಡ್ಡವರು. ಕಿಟಕಿಯ ಕೆಳಗೆ ನಿಂತು ಅಂಗೈ ಇಟ್ಟು ನೋಡಿದೆ. ಸೀಸ ಸುಡುತ್ತಿತ್ತು. ಕೆಳಗಿನಿಂದ ಎರಡನೆಯ ಭಾಗ, ಒಡ್ಡಿನ ನೀರು ಇರುವ ಭಾಗ, ಹೆಬ್ಬೆರಳಿನಷ್ಟು ಒಳಗೆ ಹೊಟ್ಟೆ ಬಿಟ್ಟಿತ್ತು.

ಎಸ್ತರವ್ವ ತಂಬಿಗೆಯಲ್ಲಿ ನೀರು ತಂದು ಕೊಟ್ಟರು. "ಏನ್ ನೋಡಾಕತ್ತಿ ತಮ್ಮಾ?"

"ಏನಿಲ್ಲ ಯಕ್ಕಾ. ಸುಮ್ನ."

ಹೊರಗೆ ಬಂದು ಶಶಿಧರ ಸಾಹೇಬರಿಗೆ ಫೋನು ಮಾಡಿದೆ. ಅವರು ಬೇರೆ ಊರಿನ ಸೈಟಿನಲ್ಲಿದ್ದರು. "ಈಸ್ಟರ್ ಹಬ್ಬಾ ಮುಗೀಲಿ, ನೋಡೂಣು. ಅಲ್ಲೀತನಕ ಮಂದಿಗೆ ಹೇಳಿ ಹೆದರಸಬ್ಯಾಡ" ಎಂದರು. ಅಯ್ಯನವರ ಮನೆ ಚರ್ಚಿನ ಬಾಜೂಕ್ಕೇ ಇತ್ತು. ಬಾಗಿಲು ತೆರೆದಿತ್ತು. ಇಷ್ಟು ದಿನ ಸುಮ್ಮನಿದ್ದು ಈಗ ಹೋಗಿ ಏನು ಹೇಳಲಿ ಎಂದುಕೊಂಡೆ. ಮೋಟರ್‌ಸೈಕಲ್ ಹತ್ತಿ ಗೋಕಾಕಕ್ಕೆ ಬಂದುಬಿಟ್ಟೆ.

ಮೂರು ವಾರದ ಮೇಲೆ, ಒಂದು ಶನಿವಾರ ಮಧ್ಯಾಹ್ನ, ಆ ಭಾಗ ಕಳಚಿ ಒಳಗೆ ಬಿತ್ತು. ಅದರ ಮೇಲಿನದೂ ಜೊತೆಗೇ ಬಂತು. ಮರುದಿನದ ಆರಾಧನೆಗಾಗಿ ಎಸ್ತರವ್ವ ಮುಂದಿನ ಬೆಂಚು ಒರೆಸುತ್ತಿದ್ದರು. ಬಲ ಭುಜದ ಎಲುಬು ಮುರಿಯಿತು, ಹುಬ್ಬಿನ ಮೇಲೆ ಕೊಯ್ದು ಹೊಲಿಗೆ ಬಿತ್ತು. ಒಂದು ದಿನ ತಡವಾಗಿದ್ದರೆ ಆ ಬೆಂಚಿನ ತುಂಬ ಮಂದಿ ಇರುತ್ತಿದ್ದರು.

ಆಸ್ಪತ್ರೆಗೆ ಹೋದೆ. ಅವರು ಔಷಧದ ಮಂಪರಿನಲ್ಲಿದ್ದರು. ಕಾಲ ಹತ್ತಿರ ನಿಂತು ಬಂದೆ.

ಅಷ್ಟರಲ್ಲಿ ಊರಲ್ಲಿ ಸುದ್ದಿ ತಯಾರಾಗಿತ್ತು: ಗಾಜಿನವನು ಕೆಟ್ಟ ಕೆಲಸ ಮಾಡಿದ. ಶಶಿಧರ ಸಾಹೇಬರು ಚರ್ಚಿನ ಸಮಿತಿಗೆ ಪತ್ರ ಬರೆದಿದ್ದರು. ಕೂರಿಸುವವನು ಯಾವ ಅಪಾಯವನ್ನೂ ತಮ್ಮ ಗಮನಕ್ಕೆ ತಂದಿರಲಿಲ್ಲವಂತೆ. ಕಟ್ಟಡ ಮುಗಿದ ದಿನ ಆ ಕಿಟಕಿ ಅವರದಾಗಿತ್ತು, ಬಿದ್ದ ದಿನ ನನ್ನದಾಯಿತು.

ಎಸ್ತರವ್ವ ಮನೆಗೆ ಬಂದ ಮೇಲೆ, ಒಂದು ಭಾನುವಾರ ಆರಾಧನೆ ಮುಗಿದು ಚರ್ಚಿನಲ್ಲೇ ಸಭೆ ಸೇರಿತು. ಕಿಟಕಿಯ ಅರ್ಧಕ್ಕೆ ಪ್ಲೈವುಡ್ ಹೊಡೆದಿದ್ದರು. ಶಶಿಧರ ಸಾಹೇಬರು ಮುಂದಿನ ಕುರ್ಚಿಯಲ್ಲಿ, ನಾನು ಗೋಡೆಗೆ ಆತು ನಿಂತಿದ್ದೆ. ಸಮಿತಿಯ ಹಿರಿಯರೊಬ್ಬರು ಎದ್ದರು. "ಆಗಿದ್ದಾತು. ದೇವರು ಜೀವಾ ಉಳಿಸ್ಯಾನ. ಯಾರದ ತಪ್ಪು ಅಂತ ಈಗ ಕೆದಕೂದು ಬ್ಯಾಡ. ಶಾಂತಿಯಿಂದ ಮುಗಸೂಣು" ಎಂದರು. ಅನೇಕರು ತಲೆಯಾಡಿಸಿದರು. ಪತ್ರ ಹಾಗೇ ಫೈಲಿನಲ್ಲಿ ಉಳಿಯುವುದು, ನಾನು ಕೆಟ್ಟ ಕೆಲಸದವನಾಗಿ ಉಳಿಯುವುದು, ಅದಕ್ಕೆ ಶಾಂತಿ ಎಂದು ಹೆಸರು.

ಮೂರನೆಯ ಬೆಂಚಿನಲ್ಲಿ ಕೈ ಜೋಲಿಯಲ್ಲಿ ಕಟ್ಟಿಕೊಂಡಿದ್ದ ಎಸ್ತರವ್ವ ಕುಳಿತಲ್ಲಿಂದಲೇ ಕೇಳಿದರು.

"ಬಿದ್ದದ್ದು ನನ್ನ ಮ್ಯಾಲ. ಯಾಕ ಬಿತ್ತು ಅಂತ ನನಗ ತಿಳೀಬ್ಯಾಡೇನ್ರಿ?"

ಆಗ ಸುಗಂಧಾಬಾಯಿ ಎದ್ದು ಬಗಲಿನ ಸುರುಳಿಯನ್ನು ನಡುವಿನ ದಾರಿಯಲ್ಲಿ ಬಿಚ್ಚಿ ಹಾಸಿದರು. ಹನ್ನೆರಡು ಅಡಿ ಉದ್ದದ ಕುರುಬ ಎಲ್ಲರ ಕಾಲ ಹತ್ತಿರ ಮಲಗಿದ. ನೀಲಿ ಗೆರೆ ಮೂರು, ಅವುಗಳ ಮೇಲೆ ಕೆಂಪು ಗೀಟು, ಪಕ್ಕದಲ್ಲಿ ಬರಹ, ಸಹಿ.

"ನೀಲಿ ನಂದು. ಪರಸಪ್ಪ ಹೇಳಿದ್ಮ್ಯಾಲ ಎಳದದ್ದು. ಕೆಂಪು ಯಾರದು ಅಂತ ಸಹೀ ಐತಿ, ಓದ್ಕೋರಿ. ಉದ್ಘಾಟನಾ ದಿನ ಇದನ್ನ ಮನೀಗೆ ಒಯ್ಯೂವಾಗನ ನೋಡೀದ್ನಿ. ಪರಸಪ್ಪನೂ ಒಪ್ಪಿರಬೇಕು ಅಂತ ಸುಮ್ನಾದ್ನಿ. ಅದು ನನ್ನ ತಪ್ಪು."

ಶಶಿಧರ ಸಾಹೇಬರು ಕಾಗದ ನೋಡಲಿಲ್ಲ. "ಅಂವ ಗಟ್ಟಿಯಾಗಿ ಹೇಳಬೇಕಿತ್ತು" ಎಂದರು.

ನನ್ನ ಮೈ ಉರಿಯಿತು. ಮುಂದೆ ಬಂದೆ. "ಗಟ್ಟಿಯಾಗೇ ಹೇಳೀನ್ರಿ ಸಾಹೇಬ್ರ. ಬಿಸಿಲು, ಸೀಸಾ, ಭಾರಾ, ಎಲ್ಲಾ ಹೇಳೀನಿ. ನೀವು ನಾ ಎಷ್ಟನೇತ್ತ ಕಲ್ತೀನಿ ಅಂತ ಕೇಳಿದ್ರಿ. ಹೊಟ್ಟಿ ಬಿಟ್ಟೇತಿ ಅಂತ ಫೋನೂ ಮಾಡೀನಿ. ಹಬ್ಬಾ ಮುಗೀಲಿ ಅಂದ್ರಿ."

ಚರ್ಚೆಲ್ಲ ಗುಜುಗುಜು ಎಂದಿತು. ಅಲ್ಲಿಗೇ ನಿಲ್ಲಿಸಿದ್ದರೆ ನಾನು ಗೆದ್ದವನಾಗಿ ಮನೆಗೆ ಹೋಗುತ್ತಿದ್ದೆ. ಆದರೆ ಎಸ್ತರವ್ವ ನನ್ನನ್ನೇ ನೋಡುತ್ತಿದ್ದರು. ಹುಬ್ಬಿನ ಹೊಲಿಗೆ ಇನ್ನೂ ಕೆಂಪಗಿತ್ತು.

"ಫೋನ್ ಮಾಡಿದ್ದು ಅವತ್ತೇನು ತಮ್ಮಾ? ನಾ ನೀರ ಕೊಟ್ಟ ದಿವ್ಸ?"

"ಹೌದ ಯಕ್ಕಾ."

"ಮತ್ತ ನಾ ಕೇಳಿದ್ನಲ್ಲಾ, ಏನ್ ನೋಡಾಕತ್ತಿ ಅಂತ."

"ತಪ್ಪಾತು ಯಕ್ಕಾ. ಬೀಳತೈತಿ ಅಂತ ಗೊತ್ತಿತ್ತು. ಹೇಳಲಿಲ್ಲ."

ಅವರು ದನಿ ಏರಿಸಲಿಲ್ಲ. "ದೊಡ್ಡವ್ರಿಗೆ ಹೇಳಾಕ ನಿನಗ ಅಂಜಿಕಿ ಇರಬಹುದು. ನನಗರ ಹೇಳಬೇಕಿತ್ತು. ಆ ಬೆಂಚು ಈಚೆ ಎಳಕೊಂಡು ಒರಸ್ತಿದ್ನಿ. ಅಷ್ಟ ಆಗ್ತಿತ್ತು."

ಸಾಹೇಬರ ಮಾತಿಗೆ ಉರಿದ ಮೈ ಈ ಮಾತಿಗೆ ತಣ್ಣಗಾಯಿತು. ನನ್ನ ಇಯತ್ತೆ ಕೇಳಿ ನನ್ನ ಮಾತನ್ನು ತಳ್ಳಿದ್ದರು ಎಂದು ಒಂದು ವರ್ಷ ಕುದಿದಿದ್ದೆ. ಎಸ್ತರವ್ವನ ಇಯತ್ತೆಯನ್ನು ನಾನು ಕೇಳಲೂ ಇಲ್ಲ. ಕಸ ಗುಡಿಸುವ ಹೆಂಗಸಿಗೆ ಸೀಸ, ಭಾರ ಎಲ್ಲ ಏನು ತಿಳಿಯುತ್ತದೆ ಎಂದು ಮನಸ್ಸು ತಾನೇ ತೀರ್ಮಾನಿಸಿತ್ತು. ಇಡೀ ಊರಲ್ಲಿ ಆ ಕಿಟಕಿಯ ಕೆಳಗೆ ದಿನವೂ ನಿಲ್ಲುತ್ತಿದ್ದವರು ಅವರೊಬ್ಬರೇ. ಹೇಳಬೇಕಾದದ್ದು ಮೊದಲು ಅವರಿಗೆ.

ಅಯ್ಯನವರು ಸಭೆ ಮುಗಿಸುವ ಮೊದಲು ಆ ಪತ್ರವನ್ನು ಸಾಹೇಬರಿಗೆ ವಾಪಸು ಕೊಟ್ಟರು. "ಇದು ನಮ್ಮ ಫೈಲಿನ್ಯಾಗ ಬ್ಯಾಡ್ರಿ. ಖರೆ ಬರದು ಕೊಡ್ರಿ, ಇಲ್ಲಾಂದ್ರ ಬ್ಯಾಡ" ಎಂದರು. ಸಾಹೇಬರು ಬರೆದುಕೊಡಲಿಲ್ಲ. ಅವರಿಗೆ ಏನೂ ಆಗಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ, ಕೊನೆಗೆ ಕೆಟ್ಟವರಿಗೆ ಶಿಕ್ಷೆಯಾಗುತ್ತದೆ ಎಂದು ನೀವು ಕಾಯುತ್ತಿದ್ದರೆ. ಈಗ ಇನ್ನೂ ದೊಡ್ಡ ಕಟ್ಟಡ ಕಟ್ಟಿಸುತ್ತಿದ್ದಾರೆ ಎಂದು ಕೇಳಿದ್ದೇನೆ. ಆ ಕಟ್ಟಡದಲ್ಲಿ ಯಾವನೋ ಏಳನೇತ್ತ ಕಲಿತವನು ಏನನ್ನೋ ಹೇಳಲು ಬಾಯಿ ತೆರೆದು ಮುಚ್ಚಿರುತ್ತಾನೆ.

ಕಿಟಕಿಯನ್ನು ಮತ್ತೆ ಮಾಡಿಕೊಡು ಎಂದು ಅಯ್ಯನವರು ನನಗೇ ಹೇಳಿದರು. ಈ ಸಲ ಕೆಲಸ ಮುಟ್ಟುವ ಮೊದಲೇ ನನ್ನ ಷರತ್ತುಗಳನ್ನು ಕಾಗದದ ಮೇಲೆ ಬರೆದು ಎಲ್ಲರ ಸಹಿ ಹಾಕಿಸಿದೆ. ನೀವೂ ಹಾಗೇ ಮಾಡಿ. ಬಾಯಿಮಾತಿಗೆ ಗಾಜಿನಷ್ಟೂ ಗಟ್ಟಿತನ ಇಲ್ಲ. ಸಳಿಗಳು ಬರುವವರೆಗೆ ಕಾಯಬೇಕು. ಹೊರಗಿನ ಗಾಜಿಗೆ ಮೇಲೂ ಕೆಳಗೂ ಸಂದಿ, ಪಾರಿವಾಳ ಬಾರದಂತೆ ಜಾಳಿಗೆ. ಉಳಿದ ಎರಡು ಭಾಗಗಳನ್ನೂ ಇಳಿಸಿ ಬಿಚ್ಚಿ ಹೊಸ ಸೀಸ ಹಾಕಿದೆ. ಒಡ್ಡಿನ ನೀರಿಗೆ ಮೊದಲಿನ ನೀಲಿ ಗಾಜು ಸಿಗಲಿಲ್ಲ, ತುಸು ಹಸಿರು ಕಲೆತದ್ದು ಸಿಕ್ಕಿತು. ಮಳೆಗಾಲದ ನೀರು ಹೀಗೇ ಇರುತ್ತದೆ, ಇರಲಿ ಎಂದರು ಸುಗಂಧಾಬಾಯಿ.

ಕೂರಿಸಿದ ದಿನ ಎಸ್ತರವ್ವನನ್ನು ಕರೆದೆ. ಬಲಗೈ ಅವರಿಗೆ ಭುಜದ ಮೇಲೆ ಏಳುತ್ತಿರಲಿಲ್ಲ, ಈಗಲೂ ಏಳುವುದಿಲ್ಲ. ಎಡಗೈ ಹಿಡಿದು ಸೀಸದ ಪಟ್ಟಿಯ ಮೇಲೆ ಇರಿಸಿದೆ.

"ಯಕ್ಕಾ, ಇದು ಹಿಂಗ ಸಪಾಟ ಇರಬೇಕು. ವಾರಕ್ಕೊಮ್ಮಿ ಅಂಗೈ ಆಡಸು. ಎಲ್ಲೇ ಉಬ್ಬೈತಿ ಅನಸಿದ್ರ ಬೆಂಚು ಸರಸಿ ನನಗ ಫೋನ್ ಹಚ್ಚು. ಇದು ಸಳಿ. ಇದು ತಾಮ್ರದ ತಂತಿ. ಬಟ್ಟಿನಿಂದ ಮೀಟಿದ್ರ ಅಳಗಾಡಬಾರದು."

ಅವರು ಒಂದೊಂದೇ ತಂತಿಯನ್ನು ಬೆರಳಿನಿಂದ ಮೀಟಿ ನೋಡಿದರು. ಕೈಗೆ ಎಟುಕುವ ಎಂಟೂ ತಂತಿ ಮುಗಿಯುವವರೆಗೆ ನನ್ನ ಕಡೆ ತಿರುಗಲಿಲ್ಲ. ಮೇಲಿನವಕ್ಕೆ ಏಣಿ ಬೇಕು ಎಂದು ಅಯ್ಯನವರಿಗೆ ಹೇಳಿದರು. ನನ್ನನ್ನು ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅಲ್ಲಿಂದ ಮುಂದೆ ನಾಲ್ಕು ವರ್ಷ ಕೆಲಸ ಮಾಡಿದೆ. ಮಸಗುಪ್ಪಿಯ ಶಾಲೆಯಿರಲಿ, ಗೋಕಾಕದ ದವಾಖಾನೆಯಿರಲಿ, ಗಾಜು ಕೂರಿಸಿದ ಮೇಲೆ ಅಲ್ಲಿ ಗುಡಿಸುವವರು ಯಾರು ಎಂದು ಕೇಳಿ, ಕರೆಸಿ, ಮುಟ್ಟಿಸಿ ತೋರಿಸಿಯೇ ಹೊರಡುತ್ತಿದ್ದೆ. ಎಂಜಿನಿಯರುಗಳು ನಗುತ್ತಿದ್ದರು. ನಗಲಿ. ಆಮೇಲೆ ಕಣ್ಣಿಗೆ ಪೊರೆ ಬಂತು, ಬಲಗೈ ನಡುಗತೊಡಗಿತು, ಅಂಗಡಿ ಮುಚ್ಚಿದೆ.

ಹೋದ ವರ್ಷ ಬೇಸಿಗೆಯಲ್ಲಿ ಮನೆಯಲ್ಲಿ ಕುಳಿತಿದ್ದಾಗ ಫೋನು ಬಂತು.

"ತಮ್ಮಾ, ನಾ ಎಸ್ತರವ್ವ. ನಡುವಿನ ಸಳಿ, ಬಲಕ್ಕ ಎರಡನೇ ತಂತಿ. ಅಳಗಾಡಾಕತ್ತೈತಿ. ಬೆಂಚು ಸರಸೀನಿ."

"ಯಕ್ಕಾ, ನಾ ಕೆಲಸಾ ಬಿಟ್ಟೇನಿ. ಕಣ್ಣು ಸರೀ ಕಾಣೂದಿಲ್ಲ."

"ಕಣ್ಣು ನಂದು ಐತಿ. ನೀ ಇಕ್ಕಳ ತಗೊಂಡು ಬಾ."

ಬಸ್ಸು ಹಿಡಿದು ಹುಕ್ಕೇರಿಗೆ ಹೋದೆ. ಏಣಿ ಹಾಕಿಟ್ಟಿದ್ದರು. ಅವರು ಕೆಳಗೆ ನಿಂತು ಎಡಕ್ಕೆ, ಬಲಕ್ಕೆ ಎಂದು ಹೇಳಿದರು, ನಾನು ತಡವಿ ಹುಡುಕಿದೆ. ಎರಡನೆಯ ತಂತಿ. ಸಡಿಲಾಗಿತ್ತು. ಇಕ್ಕಳದಿಂದ ತಿರುವಿ ಬಿಗಿದೆ.